ಮೇ ತಿಂಗಳ ಟೈರು

ಹಿಂದಿನ ಟೈರಿನ ನಡುಭಾಗ ಸವೆದು
ಅಜ್ಜಿಯ ಅರೆಯುವ ಕಲ್ಲಿನಷ್ಟು ನುಣುಪು.
ಅಂಚಿನ ಗುಬ್ಬಿಗಳು ಮಾತ್ರ ಇನ್ನೂ ಎಳೆಯವು,
ಮೀಸೆಯಂಥ ರಬ್ಬರು ಕೂದಲೂ ಉದುರಿಲ್ಲ.
"ಔಸಿ, ನೀನು ತಿರುವಿನಲ್ಲಿ ವಾಲುವುದೇ ಇಲ್ಲ"
ಎಂದ ನ್ತಾತೆ ಖಬೇಲೆ, ಗುಟ್ಟೊಂದು ಸಿಕ್ಕವನಂತೆ.
ವಾಲುವುದು ಹೇಗೆ? ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ
ನಲವತ್ತು ಜನರ ರಕ್ತ, ಹದಿನಾರು ಜನರ ಕಫ,
ಕರಗುತ್ತಿರುವ ಮಂಜುಗಡ್ಡೆ.

ಮೊಖೋಟ್ಲೋಂಗ್ ಪೇಟೆಯ ಕೊನೆಗೆ
ಹಡಗಿನಿಂದಿಳಿದ ತಗಡಿನ ಪೆಟ್ಟಿಗೆಯೇ ಅವನ ಅಂಗಡಿ.
ಲೆಸೊಥೋಗೆ ಕಡಲೇ ಇಲ್ಲ,
ಪೆಟ್ಟಿಗೆಗೆ ಅದನ್ನು ಯಾರೂ ಹೇಳಿಲ್ಲ.
ಕಂಬಳಿಯ ಪಿನ್ನು ಬಿಗಿಮಾಡಿಕೊಂಡು ಒಳಗೆ ಹೋದ,
ಒಂದೊಂದೇ ಉರುಳಿಸಿಕೊಂಡು ಬಂದ.

ಇದು ಡಾಂಬರಿಗೆ ಹೇಳಿ ಮಾಡಿಸಿದ್ದು.
ನನ್ನ ದಾರಿಯ ಅರ್ಧ ಡಾಂಬರು, ಅರ್ಧ ಕಲ್ಲು,
ಉಳಿದ ಅರ್ಧ ಸೆಂಕು ನದಿಯ ಮರ್ಜಿ.
ಇದು ಆಳದ ಗುಬ್ಬಿಯದು, ಕೆಸರನ್ನು ಕಚ್ಚುತ್ತದೆ,
ಡಾಂಬರು ಸಿಕ್ಕರೆ ಜೇನುಹುಟ್ಟಿನಂತೆ ಗುಂಯ್ಗುಟ್ಟಿ
ಕುರಿಗಳ ಉಣ್ಣೆ ತೆಗೆಯುವ ಹೊತ್ತಿಗೆ ತಾನೇ ಬೋಳು.
ಇದು ಅರ್ಧ ಬೆಲೆಗೆ.
ಯಾಕೆ ಅರ್ಧ? ಅವನು ಆಕಾಶ ನೋಡಿದ.
ಪಕ್ಕದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದೆ:
ನಾಲ್ಕು ಅಂಕಿ, ಒಂದು ಒಂದು ಒಂದು ಒಂಬತ್ತು.
ಹತ್ತೊಂಬತ್ತನೆಯ ಇಸವಿಯ ಹನ್ನೊಂದನೆಯ ವಾರ.
ಆ ವಾರ ಅಪ್ಪನ ಕೈ ಇನ್ನೂ ನಡುಗುತ್ತಿರಲಿಲ್ಲ.
ಉಗುರು ಒತ್ತಿದೆ. ನಾಟಲಿಲ್ಲ.

ಅಪ್ಪ ಕುದುರೆಗೆ ಲಾಳ ಹೊಡೆಯುವವನು.
ಚಳಿ ಬಿದ್ದರೆ ತಲೆ ಚೂಪಾದ ಮೊಳೆ ಹಾಕುತ್ತಿದ್ದ,
ಹಿಮದಲ್ಲಿ ಊರಿ ನಿಲ್ಲಲಿ ಅಂತ.
ಲಾಳ ತಪ್ಪಾದರೆ ಕುದುರೆ ಹೇಳುತ್ತದೆ:
ಕಾಲೆತ್ತಿ ಹೇಳುತ್ತದೆ, ಕಿವಿ ಹಿಂದೆಳೆದು ಹೇಳುತ್ತದೆ,
ಕೇಳದಿದ್ದರೆ ತೋಳು ಕಚ್ಚಿ ಹೇಳುತ್ತದೆ.
ಟೈರು ಏನೂ ಹೇಳುವುದಿಲ್ಲ.
ಹೇಳಿದರೆ ಒಂದೇ ಸಲ,
ಅದೂ ತಿರುವಿನಲ್ಲಿ.

ಇಲಾಖೆ ಕೊಡುವುದು ವರ್ಷಕ್ಕೊಂದು ಟೈರಿನ ಹಣ.
ಮೋಟಾರ್ ಸೈಕಲ್ಲಿಗೆ ಎರಡು ಗಾಲಿಯೆಂದು
ಅವರಿಗೆ ಪತ್ರ ಬರೆಯಬೇಕು, ಬಿಡುವಾದಾಗ.

ಮುಂದಕ್ಕೆ ಆಳದ ಗುಬ್ಬಿಯದೇ ಇರಲಿ ಎಂದೆ.
ಹಿಂದಕ್ಕೆ ಇವು ಮೂರೂ ಬೇಡ,
ಅಗೋ, ಆ ಮೂಲೆಯಲ್ಲಿ ನೀನು ಕೂರುವ ಟೈರು,
ಅತ್ತ ಒರಟೂ ಅಲ್ಲ, ಇತ್ತ ನುಣುಪೂ ಅಲ್ಲ,
ಅದನ್ನು ಕೊಡು.
"ಜೋಡಿಯಲ್ಲ ಅದು!" ಎಂದ. "ಅಣ್ಣನ ಬೂಟೊಂದು, ತಮ್ಮನ ಬೂಟೊಂದು."
ಕುದುರೆಗೂ ಅಷ್ಟೇ, ನ್ತಾತೆ,
ಮುಂಗಾಲಿನ ಲಾಳ ದುಂಡು, ಹಿಂಗಾಲಿನದು ಮೊನಚು.
ಅದಕ್ಕವನಲ್ಲಿ ಮಾತಿರಲಿಲ್ಲ. ಎದ್ದು ಕೊಟ್ಟ,
ಕೂರಲು ಆ ಅರ್ಧ ಬೆಲೆಯದನ್ನು ಎಳೆದುಕೊಂಡ.
ಇನ್ನೂರು ಮಲೋಟಿ ಸಾಲಲಿಲ್ಲ. ಹಳೆಯ ಟೈರು ಕೊಟ್ಟೆ,
ಜೂನ್ ಸಂಬಳದ ಮಾತು ಕೊಟ್ಟೆ.

"ಹೊಸ ರಬ್ಬರಿನ ಮೇಲೆ ಜಾರುಪೊರೆ ಇರುತ್ತದೆ,
ಮೊದಲ ನೂರು ಕಿಲೋಮೀಟರು
ಹೊಸ ಸೊಸೆಯಂತೆ ನಡಿ."
ಸೊಸೆಯಾಗಿದ್ದೆ, ಗೊತ್ತು, ಎಂದು ಕಿಕ್ ಹೊಡೆದೆ.

ಜುಲೈ. ರಾತ್ರಿಯಿಡೀ ಹಿಮ.
ಮುಂದಿನ ಗಾಲಿ ಕಚ್ಚಿತು, ಹಿಂದಿನದು ಎರಡು ಸಲ
ಬಾಲ ಬೀಸಿ, ಆಮೇಲೆ ತಪ್ಪೊಪ್ಪಿಕೊಂಡಿತು.
ಗುಡ್ಡದ ಆಸ್ಪತ್ರೆಯ ಜಗಲಿಯಲ್ಲಿ ಸರದಿ,
ಕಂಬಳಿಗಳ ಒಳಗಿಂದ ಕೆಮ್ಮು.
ಕೊನೆಯವನ ಕಾಲಲ್ಲಿ ದಪ್ಪ ಉಣ್ಣೆಯ ಚೀಲ,
ಅದರ ಮೇಲೆ ಟೈರು ಕೊಯ್ದು ಮಾಡಿದ ಚಪ್ಪಲಿ.
ಅವನು ಬಂದ ಹೆಜ್ಜೆಗಳು ಅಂಗಳದ ಹಿಮದಲ್ಲಿ:
ನಡುವೆ ಬೋಳು, ಅಂಚಿಗೆ ಗುಬ್ಬಿ,
ಎಡ ಹಿಮ್ಮಡಿಯಲ್ಲೊಂದು ಚುಕ್ಕೆ.
ಆ ಪಂಕ್ಚರಿಗೆ ಬೆಣೆ ತುರುಕಿದವಳು ನಾನೇ,
ಹೋದ ಮಳೆಗಾಲ, ಹೊಳೆಯ ಮಗ್ಗುಲಲ್ಲಿ ಕೂತು.

ಡಬ್ಬಿಗಳ ಮೇಲಿನ ಹೆಸರು ನಾನು ಓದುವುದಿಲ್ಲ.
ಎಣಿಸುತ್ತೇನೆ, ಮುಚ್ಚಳ ಬಿಗಿಯೇ ನೋಡುತ್ತೇನೆ, ಅಷ್ಟೆ.
ಪೆಟ್ಟಿಗೆಯ ಪಟ್ಟಿ ಬಿಗಿದು ತಲೆ ಎತ್ತಿದಾಗ
ಅವನು ಆಗಲೇ ಇಳಿಜಾರಿನಲ್ಲಿದ್ದ.
ಓರೆ ನೆಲ. ಪಾದವನ್ನು ಮಗ್ಗುಲಿಗೆ ಹೊರಳಿಸಿ
ಅಂಚಿನ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದ,
ಇಡೀ ವರ್ಷ ನಾನು ವಾಲದೆ
ಉಳಿಸಿಟ್ಟ ರಬ್ಬರಿನ ಮೇಲೆ.