ಸುತ್ತಿಗೆ ಎಲ್ಲಿ, ಮಾಮಾ

ಪಕ್ಷಗಾರರ ಹೆಸರು ಮೂರು ಸಲ ಕೂಗುವುದು
ಕಾರವಾರದ ಕೋರ್ಟಿನಲ್ಲಿ ನನ್ನ ಕೆಲಸ.
ಇಪ್ಪತ್ತೆರಡು ವರ್ಷ. ಗಂಟಲು ಇನ್ನೂ ಗಟ್ಟಿ.

ಮನೆಯಲ್ಲಿ ನನ್ನ ಜೊತೆ ಸಿನಿಮಾ ನೋಡಲು ಯಾರೂ ಕೂರುವುದಿಲ್ಲ.
ನ್ಯಾಯಾಧೀಶರು ಮೇಜು ಕುಟ್ಟಿದರೆ ಎದ್ದೇ ಬಿಡುತ್ತೇನೆ:
ಸುಳ್ಳು! ಸುತ್ತಿಗೆ ಇರುವುದು ಬಡಗಿಯ ಹತ್ತಿರ.
ಗಂಡ ಹೆಂಡತಿ ಒಂದು ಕಾಗದಕ್ಕೆ ಸಹಿ ಹಾಕಿ
ಬೇರೆ ಬೇರೆ ಕಾರು ಹತ್ತಿದರೆ,
ಆರು ತಿಂಗಳು ಎಲ್ಲಿ ಹೋಯಿತು? ಸಂಧಾನದ ಕೋಣೆ ಎಲ್ಲಿ?
ವಕೀಲರಿಗೆ ಹುಷಾರಿಲ್ಲವೆಂದು ಮುಂದೆ ಹೋದ ತಾರೀಕು?
ಹೆಂಡತಿ ರಿಮೋಟು ಕಸಿದುಕೊಳ್ಳುತ್ತಾಳೆ.

ರಿದ್ಧಿ ಬಂದದ್ದು ಒಂದು ಮಂಗಳವಾರ.
ಏಳು ವರ್ಷ, ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು.
ಅಮ್ಮ ಸದಾಶಿವಗಡದಲ್ಲಿ,
ಅಪ್ಪ ಕೋಡಿಬಾಗದಲ್ಲಿ ಬೋಟಿನ ಇಂಜಿನ್ನು ಬಿಚ್ಚುವವ.
ನಡುವೆ ಕಾಳಿ.
ಬೆಂಚಿನ ಮೇಲೆ ಕಾಲಾಡಿಸುತ್ತ ಮೆಲ್ಲಗೆ ಕೇಳಿದಳು:
'ಸುತ್ತಿಗೆ ಎಲ್ಲಿ, ಮಾಮಾ?'

ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎರಡು ಮಾತು,
ಒಂದು ಅಮ್ಮ ಬೇಕೆನ್ನಲು, ಒಂದು ಅಪ್ಪ ಬೇಕೆನ್ನಲು.
ಎರಡರಲ್ಲೂ ಕೊನೆಗೆ ಅಳಬೇಕು.
ಸಿನಿಮಾದ ಹುಡುಗಿ ಅತ್ತಮೇಲೆ ಅವರಿಬ್ಬರೂ ಒಂದಾದರಂತೆ.

ಯಾರೂ ಅವಳನ್ನು ಕಟಕಟೆಗೆ ಕರೆಯಲಿಲ್ಲ.
ಮೇಡಂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು, ವಕೀಲರೆಲ್ಲ ಹೊರಗೆ.
ನೀರಿಟ್ಟು ಬರುವಾಗ ನನ್ನ ಕಿವಿಗೆ ಬಿದ್ದದ್ದು ಇಷ್ಟು:
ಶಾಲೆಗೆ ಡಬ್ಬಿ ಯಾರು ಕಟ್ಟುತ್ತಾರೆ?
ಜ್ವರ ಬಂದರೆ ಯಾರ ಪಕ್ಕ ಮಲಗುತ್ತೀ?
ಹೊರಗೆ ಬಂದವಳ ಮುಖ ಪೆಚ್ಚು.
'ನಾನು ಹೇಳಲೇ ಇಲ್ಲ, ಮಾಮಾ. ಅವರು ಕೇಳಲೇ ಇಲ್ಲ.'

ಸಿನಿಮಾ ತೀರ್ಪಿಗೆ ಮುಗಿಯುತ್ತದೆ.
ಗೆದ್ದವರು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ,
ಸೋತವರಿಗೊಂದು ಕಂಬ, ಒರಗಲು.
ಇಲ್ಲಿ ಆದೇಶ ನಾಲ್ಕು ಪುಟ. ಮೂರನೆಯದರಲ್ಲಿ
ಭಾನುವಾರ ಹತ್ತರಿಂದ ಐದು, ದೀಪಾವಳಿಯ ಅರ್ಧ ರಜೆ,
ಶಾಲೆಯ ಫೀ ಅಪ್ಪನದು.
ಬೇಕಾದರೆ ತಿದ್ದಿಸಲು ಮತ್ತೆ ಬರಬಹುದು;
ಮಗು ಬೆಳೆದ ಹಾಗೆ ಆದೇಶವೂ ಗಿಡ್ಡವಾಗುತ್ತದೆ, ಲಂಗದಂತೆ.

ಮೊನ್ನೆ ಭಾನುವಾರ ಮೀನು ಹಿಡಿದುಕೊಂಡು ಬರುತ್ತಿದ್ದೆ.
ಸೇತುವೆಯ ಈಚೆ ತುದಿಯಲ್ಲಿ ಸ್ಕೂಟರು ನಿಲ್ಲಿಸಿ
ಗಜಾನನ ತಾಂಡೇಲ ಮಗಳ ಜಡೆ ಹೆಣೆಯುತ್ತಿದ್ದ,
ಉಗುರಿನ ಸಂದಿಗೆ ಗ್ರೀಸು,
ಎರಡನೇ ರಿಬ್ಬನ್ನು ಹಲ್ಲಲ್ಲಿ ಕಚ್ಚಿಕೊಂಡು.
ಬಿಚ್ಚಿ, ಮತ್ತೆ ಹೆಣೆದ.

ಹೆಸರು ನಾಲಗೆಯ ತುದಿಗೇ ಬಂತು, ರೂಢಿ.
ಕೂಗಲಿಲ್ಲ.
ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.