ತುಂಬು ತೋಳಿನ ಅಂಗಿ

ಏಪ್ರಿಲಿನಲ್ಲೂ ತುಂಬು ತೋಳು.
ಗಂಗೋತ್ರಿಯ ಈ ಲ್ಯಾಬಿಗೆ ಬಂದು ಹತ್ತೊಂಬತ್ತು ವರ್ಷ,
ಗಾಜು ತೊಳೆಯುವಾಗಲೂ ನಾನು
ಮಣಿಕಟ್ಟಿನ ಗುಂಡಿ ಬಿಚ್ಚಿದವನಲ್ಲ.
ಹೆಸರು ಚಲುವಯ್ಯ. ನಗಬೇಡಿ.
ಮೇಲುಕೋಟೆಗೆ ಹೊತ್ತ ಹರಕೆಯ ಹೆಸರು ಅದು,
ಮೊಣಕೈಯ ಈ ಬೆಳ್ಳಿ ಹುರುಪೆ
ಆಮೇಲೆ ಬಂದದ್ದು.

ನೌಶೀನ್ ಅಂತ, ಮಂಡಿ ಮೊಹಲ್ಲದ ಹುಡುಗಿ,
ಸಂಶೋಧನೆಗೆ ಸೇರಿ ಮೂರನೇ ವರ್ಷ,
ಒಂದು ದಿನ ಕೇಳಿದಳು: "ಚಲುವಣ್ಣ, ಆಲೆ ಮರ ಎಲ್ಲಿದೆ?
ನರ್ಸರಿಯದು ಬೇಡ, ತಾನಾಗಿ ಬೆಳೆದದ್ದು."
ನನಗೆ ಗೊತ್ತಿತ್ತು.
ಕುಂತಿಬೆಟ್ಟದ ಹಿಂಬದಿ, ಬಂಡೆ ಸಂದಿಯಲ್ಲಿ
ಒಂದಾದರೂ ಉಳಿದಿರಬೇಕು.
ಮಿಕ್ಕವನ್ನೆಲ್ಲ ನಾವೇ ಬುಗುರಿ ಮಾಡಿ
ಆಡಿ ಮುಗಿಸಿದ್ದೆವು.

ಮುರಿದರೆ ಹಾಲು. ಜೋಡಿ ಕಾಯಿ,
ತುದಿಗೆ ತುದಿ ಅಂಟಿಸಿಕೊಂಡು ತೂಗುತ್ತವೆ.
ಎಲೆ ನೋಡಿದರೆ ಬರೀ ಹಸಿರು.
ಆಡು ಮುಟ್ಟದ ಸೊಪ್ಪಿಲ್ಲ; ಇದನ್ನೂ ಮುಟ್ಟಿ,
ಏನೂ ಕಾಣದೆ ಮುಂದೆ ಹೋಗಿತ್ತು.

ನಮ್ಮಜ್ಜಿ ನಿಂಗಾಜಮ್ಮ ಕಬ್ಬಿಣ ಸೋಕಿಸದೆ ಕೊಯ್ದು
ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ, ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ
ಮಾಳಿಗೆ ಮೇಲೆ ಬಿಸಿಲಿಗಿಡುತ್ತಿದ್ದಳು.
ಮೂರನೇ ದಿನ ಎಣ್ಣೆ ನೇರಳೆ.
ನೇರಳೆ ಅಂದರೆ, ಹಣ್ಣು ಕದ್ದು ತಿಂದವನ ನಾಲಿಗೆ.
"ಎಲೆಗೆ ನಾಚ್ಕೆ ಕಣ್ಲಾ, ಬಿಸ್ಲು ಕಂಡ್ರೇನೇ
ನಿಜ ಬುಡೋದು" ಅನ್ನುತ್ತಿದ್ದಳು.
ಅವಳ ಅತ್ತೆ ಇದೇ ಸೊಪ್ಪನ್ನು ಗುಡಾಣದಲ್ಲಿ ಕೊಳೆಹಾಕಿ
ಕಡೆದು ಕಡೆದು ಕಂಬಳಿ ಅಂಚಿಗೆ ನೀಲಿ ಕಟ್ಟಿದ್ದಳಂತೆ.
ಮೈಗೂ ಅದೇ ಮರ, ಮೈ ಹೊದೆಯುವುದಕ್ಕೂ ಅದೇ.

ನೌಶೀನ್ ಎಲೆ ಒಣಗಿಸಿ, ಅರೆದು, ಮೆಥನಾಲಿನಲ್ಲಿ ನೆನೆಸಿ
ಬಿಳಿ ಪುಡಿ ಬಳಿದ ಗಾಜಿನ ಮೇಲೆ
ಒಂದೇ ಒಂದು ಹನಿ ಕೂರಿಸಿದಳು.
ದ್ರಾವಣ ಮೆಲ್ಲಗೆ ಏರಿತು,
ಬತ್ತಿ ಎಣ್ಣೆ ಕುಡಿದಂತೆ.
ಏರುತ್ತ ಏರುತ್ತ ಒಂದು ಹನಿ ಹಲವಾಯಿತು.
"ಈ ನೀಲಿ ಇಂಡಿಗೋ. ಪಕ್ಕದ ಕೆಂಪು ಇಂಡಿರುಬಿನ್.
ಹಳದಿ ಗೆರೆ ಟ್ರಿಪ್ಟಾಂಥ್ರಿನ್ ಇರಬೇಕು.
ಹಸಿ ಎಲೆಯಲ್ಲಿ ಇವು ಹೀಗಿರಲ್ಲ ಚಲುವಣ್ಣ,
ಬಣ್ಣವೇ ಇಲ್ಲದ್ದೊಂದು ಸಕ್ಕರೆಗೆ ಅಂಟಿ ಕೂತಿರುತ್ತೆ.
ಜಜ್ಜಿ, ಗಾಳಿ ಸೋಕಬೇಕು. ಆಮೇಲೆ ಬಣ್ಣ."

ನಾನು ಆ ಕೆಂಪನ್ನೇ ನೋಡುತ್ತಿದ್ದೆ.
ಚರ್ಮದ ಜೀವಕೋಶ ಆತುರಾತುರ ಹುಟ್ಟುವ ರೋಗವೊಂದಿದೆ,
ಹಳೆಯದು ಉದುರುವ ಮೊದಲೇ ಹೊಸದು, ಅದರ ಮೇಲೆ ಇನ್ನೊಂದು.
ಆ ಆತುರಕ್ಕೆ ಈ ಕೆಂಪು 'ತಾಳು' ಅನ್ನುತ್ತದಂತೆ.
"ಅಂತೆ," ಅವಳು ಒತ್ತಿ ಹೇಳಿದಳು,
"ತಟ್ಟೆಯೊಳಗಿನ ಕೋಶಕ್ಕೆ. ಮನುಷ್ಯನ ಮಾತು ಬೇರೆ.
ಎಷ್ಟು ಹನಿ, ಎಷ್ಟು ದಿನ, ಲಿವರಿಗೆ ಪೆಟ್ಟೇ,
ನನಗಿನ್ನೂ ಗೊತ್ತಿಲ್ಲ."

ಗೊತ್ತಿಲ್ಲ ಅನ್ನುವುದನ್ನು ಇಷ್ಟು ಚಂದ ಹೇಳಿದವರನ್ನು
ಮೊದಲ ಸಲ ಕಂಡೆ.
ಅಜ್ಜಿಯ ಎಣ್ಣೆ ನನಗೆ ಬೇಸಿಗೆಯಲ್ಲಿ ಕೇಳುತ್ತಿತ್ತು,
ಮಾಗಿಯಲ್ಲಿ ಕೇಳುತ್ತಿರಲಿಲ್ಲ.
ಮದುವೆ ಪಂಚೆಗೆ ಹತ್ತಿದ ಕಲೆ ಮಾತ್ರ
ಯಾವ ಸೋಪಿಗೂ ಹೋಗಲಿಲ್ಲ.
ಅವಳು ಹೋದ ಮೇಲೆ ಸೀಸೆಯನ್ನು ನಾನೇ ತಿಪ್ಪೆಗೆಸೆದೆ,
ದೊಡ್ಡಾಸ್ಪತ್ರೆಯ ಮುಲಾಮು ಹಿಡಿದೆ.
ಅದೂ ಅಷ್ಟೇ. ಕೇಳಿದರೆ ಕೇಳಿತು.

ಸಂಜೆ ಅವಳು ಒಣಗಿದ ಕೊಂಬೆಯನ್ನು ಹಾಳೆಗೆ ಹೊಲಿದು
ಮೂಲೆಯ ಚೀಟಿ ತುಂಬುತ್ತ ಕೂತಿದ್ದಳು.
ಸ್ಥಳ: ಪಾಂಡವಪುರ ತಾಲ್ಲೂಕು. ನೆಲ: ಕಲ್ಲುಮಣ್ಣು.
ಬಳಕೆ
ಅನ್ನುವಲ್ಲಿ ಪೆನ್ನು ನಿಂತಿತು.
"ಆ ಎಣ್ಣೆ ಹಚ್ಚಿಕೊಂಡವರನ್ನು
ಕಣ್ಣಾರೆ ಕಂಡಿದ್ದೀರಾ?"

ಫ್ಯಾನು ತಿರುಗುತ್ತಿತ್ತು. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು,
ವಾಷರು ಬದಲಿಸಬೇಕೆಂದು ಎರಡು ವಾರದಿಂದ ಅಂದುಕೊಂಡಿದ್ದೆ.
ಗುಂಡಿ ಒದ್ದೆ ಕೈಗೆ ಜಾರಿತು,
ಮತ್ತೆ ಹಿಡಿದೆ.
ಮಡಿಸಿದೆ, ಮಣಿಕಟ್ಟು ದಾಟಿ, ಮೊಣಕೈವರೆಗೆ.
ಗಾಳಿ ಸೋಕಿತು.