ಅಪ್ಪೆ ಅಂದರೆ

ನನ್ನ ಕೆಲಸ ಕೂಗುವುದು.
ಹೊಸ್ತಿಲಲ್ಲಿ ನಿಂತು, ಕಾರಿಡಾರಿನ ಕೊನೆಯವರೆಗೆ,
ಮೂರು ಸಲ:
ಮಲ್ಲಿಕಾ ವಿರುದ್ಧ ಯತಿರಾಜ ಸಾಲ್ಯಾನ್.
ಹದಿನೇಳು ವರ್ಷದಿಂದ ಈ 'ವಿರುದ್ಧ'ವನ್ನು
ದಿನಕ್ಕೆ ನಲವತ್ತು ಸಲ ಬಾಯಲ್ಲಿಟ್ಟುಕೊಂಡು
ಮಧ್ಯಾಹ್ನ ಅದೇ ಬಾಯಿಗೆ ಗಂಜಿ.

ಹೊರಗೆ ಬೆಂಚು. ಒಂದು ತುದಿಗೆ ಅವಳು,
ಸುರತ್ಕಲ್ಲಿನ ಟೈಲರಿಂಗ್ ಅಂಗಡಿಗೆ ಅರ್ಧ ದಿನ ರಜೆ ಹಾಕಿ,
ಕೊರಳಿನ ಅಳತೆ ಟೇಪು ತೆಗೆಯಲು ಮರೆತು.
ಇನ್ನೊಂದು ತುದಿಗೆ ಅವನು, ಬೆಂಗ್ರೆಯ ಐಸ್ ಪ್ಲಾಂಟಿನವ,
ಬೇಸಿಗೆಯಲ್ಲೂ ತಣ್ಣಗಿರುವ ಕೈ.
ನಡುವೆ ಕೂತದ್ದು ವಕೀಲರ ಕಡತ.
ಮಗು ಬೆಂಚಿನಲ್ಲಿಲ್ಲ,
ಫಿಲ್ಟರಿನ ನಲ್ಲಿ ತಿರುಗಿಸುತ್ತ ನಿಂತಿದೆ.
ಏಳು ವರ್ಷ. ನಿಶ್ಮಿತಾ.
ಈ ಹೆಸರನ್ನು ನಾನು ಕೂಗುವ ಹಾಗಿಲ್ಲ,
ಪಟ್ಟಿಯಲ್ಲಿ ಇಲ್ಲ.

ಮಗುವಿನ ಹಿತ, ಮಗುವಿನ ಹಿತ ಅಂತ ಇಬ್ಬರು ವಕೀಲರೂ.
ಒಬ್ಬರ ಹಿತ ಶಾಲೆಯ ಪಕ್ಕದ ಬಾಡಿಗೆ ಕೋಣೆ,
ಇನ್ನೊಬ್ಬರದು ಹೊಳೆಯಾಚೆ, ದೋಣಿ ದಾಟಬೇಕು, ಆದರೆ ಅಜ್ಜಿ ಉಂಟು.
ಎಟ್ಟಿ ಚಟ್ನಿ ತಿಂದರೆ ಮೈಯೆಲ್ಲ ದದ್ದು,
ಗೊತ್ತಿದ್ದೂ ಅಜ್ಜಿ ತಿನ್ನಿಸಿದ್ದಾಳೆ: ಅರ್ಜಿ, ಪುಟ ಹನ್ನೊಂದು.
ಭಾನುವಾರ ಹೇನು ಬಾಚುವುದು ತಂದೆಯೇ: ಆಕ್ಷೇಪಣೆ, ಪುಟ ನಾಲ್ಕು.
ಮೇಡಂ ಎರಡನ್ನೂ ಓದಿ ಕನ್ನಡಕ ತೆಗೆದರು.
ವಿಜಯಪುರದವರು. ಬಂದು ಎಂಟು ತಿಂಗಳು.
ಇಲ್ಲಿಯ ಸೆಕೆಗೆ ಇನ್ನೂ ಬೈಯುತ್ತಾರೆ.

ಚೇಂಬರಿನಲ್ಲಿ ಮೂವರೇ. ಕರಿಕೋಟು ಕಳಚಿ ಕುರ್ಚಿಗೆ ಹಾಕಿ
"ಹೆದರಬ್ಯಾಡ ಮಗಳ, ಯಾರ ಕೂಡ ಇದ್ರ ನಿನಗ ಛಲೋ ಅನಸ್ತದ?"
ಛಲೋ ಅಂದರೆ ಎಲ್ಲಿಗೋ ಹೊರಡುವುದು ಅಂದುಕೊಂಡಿರಬೇಕು,
ಎದ್ದು ನಿಂತಿತು.
ಕೂರಿಸಿ, ಚಿಕ್ಕಿ ಕೊಟ್ಟು, ಮತ್ತೆ ಕೇಳಿದರು.
ಶಾಲೆಯ ಕನ್ನಡ ಬರುತ್ತದೆ ಅದಕ್ಕೆ. ಹೆದರಿದಾಗ
ಶಾಲೆ ನಾಲಿಗೆಯಿಂದ ಇಳಿದು ಹೋಗುತ್ತದೆ.
ಉಳಿದದ್ದು ಅಜ್ಜಿಯ ಹಳೆ ತುಳು:
"ರಾತ್ರೆಡ್ ಅಪ್ಪೆ."
ಮೇಡಂ ಬರೆದರು: ರಾತ್ರಿ, ಅಪ್ಪ.

ನಾನು ಮಾತಾಡುವ ಹಾಗಿಲ್ಲ. ಕೆಮ್ಮಿದೆ.
"ಏನ್ರೀ?"
"ಮೇಡಂ, ನಮ್ಮಲ್ಲಿ ಅಪ್ಪೆ ಅಂದರೆ ತಾಯಿ."
ಪೆನ್ನು ನಿಂತಿತು.
"ಮತ್ತ ತಂದೀಗೆ ಏನಂತೀರಿ?"
"ಅಮ್ಮೆರ್."
ನಗು ಬಂತು ಅವರಿಗೆ, ಅರ್ಧ ಬಂತು.
ಉಳಿದರ್ಧ ಎಲ್ಲಿ ಹೋಯಿತೆಂದು ನಾನು ನೋಡಿದ್ದೇನೆ:
ಗೋಡೆಯ ಕಪಾಟಿಗೆ, ಎಂಟು ತಿಂಗಳಿನ
ಮುಗಿದ, ಹೊಲಿದ, ನಂಬರು ಬಿದ್ದ ಕಡತಗಳಿಗೆ.
ಅಲ್ಲಿ ಯಾವ ಮಗು ಏನಂದಿತ್ತೋ.
ನಾನು ರಜೆ ಹಾಕಿದ ದಿನಗಳೂ ಉಂಟಲ್ಲ.

ಗೆರೆ ಎಳೆದು ತಿದ್ದಿದರು. ಈ ಸಲ ನನ್ನ ಮೂಲಕ ಕೇಳಿದರು.
"ಎಂಕ್ ಅಪ್ಪೆ ಬೋಡು."
ಅಮ್ಮ ಬೇಕಂತೆ, ಮೇಡಂ.
"ಅಮ್ಮೆರ್‌ಲಾ ಬೋಡು."
ಆ ಒಂದು 'ಲಾ'ವನ್ನು ಹೇಗೆ ದಾಟಿಸುವುದೋ ತಿಳಿಯದೆ
ಎರಡು ಸಲ ಹೇಳಿದೆ: ಅಪ್ಪನೂ. ಅಪ್ಪ-ನೂ.
"ದಾಯೆ?" ಅಂತ ನಾನೇ ಕೇಳಿಬಿಟ್ಟೆ, ತಪ್ಪು ನನ್ನದು.
"ಗೊತ್ತುಜ್ಜಿ" ಅಂದು ಚಿಕ್ಕಿಯ ಕಾಗದ ಮಡಚತೊಡಗಿತು,
ಮಡಚಲು ಆಗದಷ್ಟು ಚಿಕ್ಕದಾಗುವವರೆಗೆ.

ಆದೇಶ ಇಪ್ಪತ್ತು ದಿನದ ಮೇಲೆ ಬಂತು.
ವಾರವೆಲ್ಲ ತಾಯಿ. ಎರಡನೇ, ನಾಲ್ಕನೇ ಶನಿವಾರ ತಂದೆ,
ಮರುದಿನ ಸಂಜೆ ಐದರವರೆಗೆ.
ಹೇನು ಬಾಚಲು ಅಷ್ಟು ಹೊತ್ತು ಬೇಕೆಂದು ಅದರಲ್ಲಿ ಬರೆದಿಲ್ಲ,
ಅದು ನನ್ನ ಲೆಕ್ಕ.
ಎಟ್ಟಿ ಕೊಡಬಾರದು ಅಂತ ಬರೆದಿದೆ.
ಮೇಡಮ್ಮಿನ ಮೇಜಿನ ಗಾಜಿನಡಿ ಈಗ ಒಂದು ಚೀಟಿ,
ಅಪ್ಪೆ, ಅಮ್ಮೆರ್, ಎದುರೆದುರು ಅರ್ಥ.

ಅವತ್ತು ಚೇಂಬರಿನಿಂದ ಹೊರಗೆ ಬರುವಾಗ
ಮಗು ನನ್ನ ಅಂಗಿಯ ಅಂಚು ಎಳೆದಿತ್ತು.
"ಎನ್ನ ಪುದರ್?"
ನನ್ನ ಹೆಸರು? ಎಲ್ಲರದ್ದೂ ಕೂಗುತ್ತೀರಲ್ಲ.
ಕಾರಿಡಾರು ತುಂಬಿತ್ತು. ಮುಂದಿನ ಕೇಸಿನವರು ಆಗಲೇ ಎದ್ದಿದ್ದರು.
ಪಟ್ಟಿಯಲ್ಲಿ ಇಲ್ಲದ್ದನ್ನು ಕೂಗುವ ಹಾಗಿಲ್ಲ.
ಕೂಗಿದೆ.
ಮೂರು ಸಲ.
ಬೆಂಚಿನ ಎರಡೂ ತುದಿ ಒಟ್ಟಿಗೆ ಎದ್ದವು.